ದಿನಕ್ಕೆ ಇಪ್ಪತ್ತು ಗೆರೆ ಇನ್ಸುಲಿನ್

ಐದು ವರ್ಷ ನಾನು ಹೆಚ್ಚುಕಡಿಮೆ ದಿನಾ ಬೆಳಿಗ್ಗೆ ಒಬ್ಬ ಹೆಂಗಸಿನ ಹೊಟ್ಟೆಗೆ ಇನ್ಸುಲಿನ್ ಚುಚ್ಚಿದ್ದೇನೆ. ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ತೊಂಬತ್ತರ ದಶಕದ ಕೊನೆಗೆ ಕೆ.ಆರ್. ನಗರದ ಒಂದು ಕಾಲೇಜಿಗೆ ಜೀವಶಾಸ್ತ್ರ ಪಾಠ ಮಾಡಲು ಬಂದವಳು. ಸ್ಟೇಷನ್ನಿಗೆ ಹತ್ತಿರದ ವಠಾರದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಸಿಕ್ಕಿತ್ತು. ಪಕ್ಕದ ಬಾಗಿಲು ಆಕೆಯದು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಐವತ್ತರ ಆಸುಪಾಸಿನ ವಯಸ್ಸು, ಎತ್ತರದ ಆಳು, ದಪ್ಪ ಮೈ. ಹುಟ್ಟಿದ್ದು ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಳ್ಳಿ, ಕೊಟ್ಟಿದ್ದು ಸಾಲಿಗ್ರಾಮಕ್ಕೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಹುಣಸೂರಿಗೆ ಮದುವೆ ಮಾಡಿಕೊಟ್ಟು, ತಾವು ಹಾಸ್ಟೆಲಿನ ಕೆಲಸ ಹಿಡಿದಿದ್ದರು. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಅವರಿಗೆ ನಾನು ಮೇಡಮ್ಮ.

ಬಂದ ಮೊದಲ ತಿಂಗಳಲ್ಲೇ ಒಂದು ಬೆಳಿಗ್ಗೆ, ಹಲ್ಲುಜ್ಜುತ್ತ ನಿಂತವಳು ನೋಡಿದೆ. ಅಕ್ಕ ಅಂಗಳದಲ್ಲಿ ಸಿರಿಂಜನ್ನು ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು. ಅದರೊಳಗೆ ಅರ್ಧಕ್ಕರ್ಧ ಗಾಳಿ ತುಂಬಿಕೊಂಡಿತ್ತು.

"ಅಕ್ಕ, ಅದರಲ್ಲಿ ಔಷಧಿ ಎಲ್ಲಿದೆ? ಗಾಳಿ ಎಳೆದಿದ್ದೀರಿ."

"ಗೆರೆ ಕಾಣಾಕಿಲ್ಲ ಕಣ್ರವ್ವಾ. ಇಪ್ಪತ್ತು ಗೆರೆ ತಕ್ಕೋ ಅಂದವ್ರೆ ಡಾಕ್ಟ್ರು. ಕಣ್ಣು ಮೊಬ್ಬಾಗೋಗದೆ. ಅಂದಾಜ್ ಮ್ಯಾಲೆ ಎಳ್ಕತೀನಿ."

"ದಿನಾ ಹೀಗೇನಾ?"

"ದಿನಾ ಇಂಗೇಯ."

ನಾನು ಬಾಯಿ ತೊಳೆದುಕೊಂಡು ಬಂದು ಸಿರಿಂಜು ಈಸಿಕೊಂಡೆ. ಎಂ.ಎಸ್ಸಿ. ಓದುವಾಗ ಇಲಿಗಳಿಗೆ ಸೂಜಿ ಹಾಕಿ ಅಭ್ಯಾಸವಿತ್ತು. ಮನುಷ್ಯರಿಗೆ ಹಾಕಿದ್ದು ಅದೇ ಮೊದಲು. ಮಾರನೇ ದಿನ ಆರು ಗಂಟೆಗೆ ಅವರೇ ಬಾಗಿಲು ತಟ್ಟಿದರು. ಅಲ್ಲಿಂದ ಅದು ದಿನಚರಿಯಾಯಿತು. ಅವರ ಮನೆಯಲ್ಲಿ ಫ್ರಿಜ್ ಇರಲಿಲ್ಲ, ನನ್ನ ಮನೆಯಲ್ಲೂ ಇರಲಿಲ್ಲ. ಇನ್ಸುಲಿನ್ ಸೀಸೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ನೀರಿನ ಮಡಕೆಯೊಳಗೆ ತೇಲಿಬಿಡುತ್ತಿದ್ದರು. ಅದನ್ನು ತೆಗೆದು, ಅಂಗೈಯಲ್ಲಿ ಉರುಳಿಸಿ, ಇಪ್ಪತ್ತು ಗೆರೆ ಎಳೆದು, ಹೊಕ್ಕುಳಿನ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಚುಚ್ಚುತ್ತಿದ್ದೆ. ಎಲ್ಲ ಸೇರಿ ಮೂರು ನಿಮಿಷ. ಆಮೇಲೆ ಅವರು ಹಾಸ್ಟೆಲಿಗೆ ಹೊರಡುತ್ತಿದ್ದರು. ನನ್ನನ್ನು ದಿನದಲ್ಲಿ ಇನ್ನೊಂದು ಜೀವ ಮುಟ್ಟುತ್ತಿದ್ದದ್ದು ಆ ಮೂರು ನಿಮಿಷದಲ್ಲಿ ಮಾತ್ರ. ಚುಚ್ಚುವಾಗ ಅವರು ನನ್ನ ಭುಜ ಹಿಡಿದುಕೊಳ್ಳುತ್ತಿದ್ದರು.

ನನ್ನ ವಿಷಯವನ್ನೂ ಹೇಳಬೇಕು. ಆಗ ನನಗೆ ಮೂವತ್ತೆರಡು. ಮದುವೆ ಆಗಿರಲಿಲ್ಲ. ಪಿರಿಯಾಪಟ್ಟಣದ ಹತ್ತಿರ ಅಣ್ಣ ಹೊಗೆಸೊಪ್ಪು ಬೆಳೆಯುತ್ತಿದ್ದ, ಅವ್ವ ಅವನ ಜೊತೆಗಿದ್ದಳು. ನಾನು ಮೈಸೂರಿನಲ್ಲಿ ಪಿಎಚ್.ಡಿ.ಗೆ ಸೇರಿಕೊಂಡಿದ್ದೆ. ಶನಿವಾರ ಮಧ್ಯಾಹ್ನ, ಭಾನುವಾರ ಇಡೀ ದಿನ, ಬೇಸಿಗೆ ರಜೆ, ದಸರಾ ರಜೆ, ಎಲ್ಲವೂ ಲ್ಯಾಬಿಗೆ. ರೈಲಿನಲ್ಲಿ ಹೋಗುವುದು, ರೈಲಿನಲ್ಲಿ ಬರುವುದು. ಕಾಲೇಜಿನ ಸಹೋದ್ಯೋಗಿಗಳು ಒಳ್ಳೆಯವರೇ. ಆದರೆ ನಾನು ಏನು ಓದುತ್ತಿದ್ದೇನೆಂದು ಯಾರೂ ಎರಡನೇ ಸಲ ಕೇಳಿದವರಲ್ಲ. ಅಣ್ಣ ಒಂದು ಸಲವೂ ಕೇಳಲಿಲ್ಲ. ಊರಿಗೆ ಹೋದಾಗ ಯಾವುದೋ ಗಂಡಿನ ಫೋಟೋ ತೋರಿಸುತ್ತಿದ್ದ. ನಾನು ಬೇಡ ಅನ್ನುತ್ತಿದ್ದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ನನ್ನ ಕೆಲಸ ಇದ್ದದ್ದು ಲಿವರ್ ಕ್ಯಾನ್ಸರಿನ ಜೀವಕೋಶಗಳ ಮೇಲೆ. ಯಾವುದೋ ದೇಶದ ರೋಗಿಯೊಬ್ಬರ ಗೆಡ್ಡೆಯಿಂದ ಎಂದೋ ತೆಗೆದ ಜೀವಕೋಶಗಳು ಇಂದಿಗೂ ಬಾಟಲಿಗಳಲ್ಲಿ ಬೆಳೆಯುತ್ತಿರುತ್ತವೆ. ಅವುಗಳಿಗೆ ಇನ್ಸುಲಿನ್ ಹಾಕಿ, ಒಳಗೆ ಏನಾಗುತ್ತದೆಂದು ನೋಡುವುದು. ಇನ್ಸುಲಿನ್ ಜೀವಕೋಶದ ಹೊರಗೋಡೆಗೆ ಬಂದು ತಾಗುತ್ತದೆ. ಒಳಗಿನ ಕೆಲವು ಪ್ರೋಟೀನುಗಳು ಆ ಸುದ್ದಿಯನ್ನು ಒಂದಕ್ಕೊಂದು ದಾಟಿಸುತ್ತ ಹೋಗುತ್ತವೆ: ಸಕ್ಕರೆ ಬಂದಿದೆ, ಕೂಡಿಡು, ಬೆಳೆ, ಇಬ್ಭಾಗವಾಗು. ಸರಿಯಿರುವ ಲಿವರಿನಲ್ಲಿ ಸುದ್ದಿ ಮುಟ್ಟಿದ ಮೇಲೆ ಅವು ಸುಮ್ಮನಾಗುತ್ತವೆ. ನನ್ನ ಬಾಟಲಿಯ ಜೀವಕೋಶಗಳಲ್ಲಿ ಅವು ಸುಮ್ಮನಾಗುತ್ತಿರಲಿಲ್ಲ. ಕತ್ತಲು ಕೋಣೆಯಲ್ಲಿ ಎಕ್ಸ್-ರೇ ಫಿಲ್ಮ್ ತೊಳೆದರೆ, ಹಾಗೆ ಸುಮ್ಮನಾಗದ ಪ್ರೋಟೀನು ಇರುವ ಕಡೆ ಒಂದು ಕಪ್ಪು ಪಟ್ಟಿ ಮೂಡುತ್ತಿತ್ತು. ಪಟ್ಟಿ ದಪ್ಪಗೆ ಬಂದ ದಿನ ನನಗೆ ಖುಷಿ. ಆ ಖುಷಿಯನ್ನು ಹೊತ್ತುಕೊಂಡು ರೈಲು ಹತ್ತಿದರೆ, ಕೆ.ಆರ್. ನಗರದಲ್ಲಿ ಇಳಿದು ಮನೆ ಬೀಗ ತೆಗೆಯುವಷ್ಟರಲ್ಲಿ ಅದು ಆರಿಹೋಗುತ್ತಿತ್ತು. ಹೇಳಿಕೊಳ್ಳಲು ಒಂದು ಜೀವ ಬೇಕಲ್ಲ.

ಕೇಳಿದವರು ಅಕ್ಕ ಒಬ್ಬರೇ. ಒಂದು ಬೆಳಿಗ್ಗೆ ಸೆರಗು ಸರಿಮಾಡಿಕೊಳ್ಳುತ್ತ ಕೇಳಿದರು:

"ವಾರ ವಾರ ಮೈಸೂರ್ಗೆ ಓಯ್ತೀರಲ್ಲ ಮೇಡಮ್ಮ, ಅಲ್ಲಿ ಏನ್ ಮಾಡ್ತೀರಿ?"

"ಲಿವರ್ ಇದೆಯಲ್ಲ ಅಕ್ಕ..."

"ಈಲಿ. ಕುರಿ ಈಲಿ ಅಂತೀವಲ್ಲ, ಅದೇ ತಾನೇ."

"ಅದೇ. ಅದರಲ್ಲಿ ಗೆಡ್ಡೆ ಆದಾಗ ಒಳಗೆ ಏನಾಗುತ್ತೆ ಅಂತ ನೋಡ್ತೀನಿ." ಪ್ರೋಟೀನುಗಳು ಸುದ್ದಿ ದಾಟಿಸುವ ಕಥೆ ಹೇಳಿದೆ. ಅವರು ಬಾಗಿಲಿಗೆ ಒರಗಿ ನಿಂತು ಕೇಳಿಸಿಕೊಂಡರು.

"ನಮ್ ಆಸ್ಟ್ಲು ಇದ್ದಂಗೆ ಅನ್ನಿ," ಅಂದರು. "ಊಟ ಆಯ್ತು ಅಂತ ನಾನು ಒಬ್ಳಿಗೆ ಯೋಳುದ್ರೆ ಸಾಕು, ಅವ್ಳು ಇನ್ನೊಬ್ಳಿಗೆ, ಅವ್ಳು ಮತ್ತೊಬ್ಳಿಗೆ. ನಲವತ್ತೂ ಜನ ತಟ್ಟೆ ಇಡ್ಕೊಂಡು ಬಂದ್ಬುಡ್ತಾರೆ."

"ಹೌದು. ಊಟ ಆದ ಮೇಲೂ ಅವರು ಕೂಗೋದು ನಿಲ್ಲಿಸದೆ ಇದ್ದರೆ?"

"ತಿಂದಿದ್ದೇ ತಿಂತಾವೆ. ಒಟ್ಟೆ ಒಡಕತಾವೆ."

"ಅಷ್ಟೇ ಅಕ್ಕ. ನಾನು ಇನ್ಸುಲಿನ್ ಹಾಕಿದರೆ ಆ ಜೀವಕೋಶಗಳು ಇನ್ನೂ ಜೋರಾಗಿ ಬೆಳೆಯುತ್ತವೆ."

ಇದನ್ನು ಹೇಳುವಾಗ ನನ್ನ ಕೈಯಲ್ಲಿ ಅವರ ಸಿರಿಂಜು ಇತ್ತು. ನನಗೆ ಅದರ ಅರಿವೇ ಇರಲಿಲ್ಲ. ಬಾಟಲಿಯಲ್ಲಿದ್ದದ್ದು ಒಂದು, ಇದು ಇನ್ನೊಂದು ಎಂಬಂತೆ ಇದ್ದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹಾಸ್ಟೆಲಿಗೆ ಹೊರಟರು.

ನಾಲ್ಕು ವರ್ಷ ಹೀಗೇ ಹೋಯಿತು. ನಾನು ಊರಿಗೆ ಹೋಗುವಾಗ ಎರಡು ಮೂರು ಸಿರಿಂಜು ತುಂಬಿ, ಕ್ಯಾಪ್ ಹಾಕಿ ಮಡಕೆಯ ಡಬ್ಬಿಯಲ್ಲಿಟ್ಟು ಹೋಗುತ್ತಿದ್ದೆ. ಹಾಸ್ಟೆಲಿನ ವಾರ್ಡನ್ ಚುಚ್ಚುತ್ತಿದ್ದರು. ಅಕ್ಕ ಭಾನುವಾರ ನಾನು ಬರುವಷ್ಟರಲ್ಲಿ ಒಂದು ಬಟ್ಟಲು ಉಪ್ಸಾರು, ಎರಡು ಮುದ್ದೆ ಮುಚ್ಚಿಟ್ಟು ಮಲಗಿರುತ್ತಿದ್ದರು. ನಮ್ಮ ನಡುವೆ ಮಾತು ಹೆಚ್ಚಿರಲಿಲ್ಲ. ಆದರೂ ಆ ಊರಿನಲ್ಲಿ ನನಗೆ ಮನೆಯವರು ಅಂತ ಇದ್ದರೆ ಅವರು.

ಐದನೇ ವರ್ಷದ ಮಳೆಗಾಲದ ಕೊನೆ. ನಾನು ಕ್ಲಾಸಿನಲ್ಲಿದ್ದಾಗ ವಾರ್ಡನ್ ಹೇಳಿಕಳಿಸಿದರು: ಅಕ್ಕ ಅಡುಗೆಮನೆಯಲ್ಲಿ ಬಿದ್ದಿದ್ದಾರೆ. ಓಡಿಹೋದೆ. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು, ಕೇಳಿದ್ದಕ್ಕೆ ಏನೇನೋ ಮಾತು. ಸಕ್ಕರೆ ನೀರು ಕುಡಿಸಿದೆ. ಹತ್ತು ನಿಮಿಷದಲ್ಲಿ ಎದ್ದು ಕೂತು, "ಅನ್ನದ ಗಂಜಿ ಬಸಿಬೇಕು," ಅಂದರು.

ಇಂಜೆಕ್ಷನ್ ಹೆಚ್ಚಾಗಿ ರಕ್ತದ ಸಕ್ಕರೆ ತೀರಾ ಇಳಿದರೆ ಹೀಗಾಗುತ್ತದೆ. ಮನೆಗೆ ಬಂದು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದೆ. ನಾನು ಇಪ್ಪತ್ತರ ಬದಲು ಮೂವತ್ತು ಎಳೆದೆನೋ ಏನೋ ಅನ್ನಿಸಿ ಊಟ ಸೇರಲಿಲ್ಲ. ಊರಿನ ಡಾಕ್ಟರು ಹದಿನಾಲ್ಕಕ್ಕೆ ಇಳಿಸಿದರು. ಎರಡು ವಾರಕ್ಕೆ ಮತ್ತೆ ಬಿದ್ದರು. ಎಂಟಕ್ಕೆ ಇಳಿಸಿದರು. ಅಕ್ಕನಿಗೆ ಹಿಗ್ಗು.

"ನೋಡ್ದ್ರಾ, ಸುಗರ್ರು ತಾನೇ ಕಮ್ಮಿ ಆಯ್ತಾ ಅದೆ. ಈ ಸಂಕ್ರಾಂತಿಗೆ ಸಿಹಿ ಪೊಂಗಲ್ ತಿಂತೀನಿ. ಮೈಯೂ ಇಳಿದದೆ. ರವಿಕೆ ಎಲ್ಲ ಸಡಿಲ."

ಮೈ ಇಳಿದಿದ್ದು ನನಗೆ ಅವರಿಗಿಂತ ಮೊದಲು ಗೊತ್ತಾಗಿತ್ತು. ಬೆರಳಲ್ಲಿ ಹಿಡಿಯುತ್ತಿದ್ದ ಚರ್ಮ ತೆಳ್ಳಗಾಗಿತ್ತು. ಆದರೆ ಬಲಗಡೆ, ಪಕ್ಕೆಲುಬಿನ ಕೆಳಗೆ, ಬೆರಳಿಗೆ ಏನೋ ಗಟ್ಟಿಯಾಗಿ ತಾಗುತ್ತಿತ್ತು. ಅದೇ ದಿನಗಳಲ್ಲಿ ನಾನು ಡಿಪಾರ್ಟ್‌ಮೆಂಟಿನ ಲೈಬ್ರರಿಯಲ್ಲಿ ಓದಿದ್ದೆ: ಲಿವರಿನ ಕೆಲವು ಗೆಡ್ಡೆಗಳು ಇನ್ಸುಲಿನ್ನಿನಂಥದೇ ಇನ್ನೊಂದು ವಸ್ತುವನ್ನು ತಾವೇ ತಯಾರಿಸುತ್ತವೆ, ಆಗ ರಕ್ತದ ಸಕ್ಕರೆ ಕುಸಿಯುತ್ತದೆ. ಪುಸ್ತಕ ಮುಚ್ಚಿಟ್ಟು ಬಂದೆ. ಮಾರನೇ ದಿನ ಚುಚ್ಚುವಾಗ ಬಲಗಡೆಗೆ ಬೆರಳು ಹೋಗದಂತೆ ಎಡಗಡೆ ಚುಚ್ಚಿದೆ.

ಮೂರು ವಾರ ನಾನು ಬಾಯಿ ಬಿಡಲಿಲ್ಲ. ಏಕೆ ಅಂತ ಇವತ್ತೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ನಾನು ಡಾಕ್ಟರಲ್ಲ, ಬಾಟಲಿ ನೋಡುವವಳು, ಎಲ್ಲದರಲ್ಲೂ ಅದನ್ನೇ ಕಾಣುತ್ತಿದ್ದೇನೆ ಎಂದು ಸಮಾಧಾನ ಮಾಡಿಕೊಂಡೆ. ನಿಜ ಏನೆಂದರೆ ಭಯವಾಗಿತ್ತು. ಹೇಳಿದರೆ ಬೆಳಿಗ್ಗೆ ಆರು ಗಂಟೆಗೆ ಬಾಗಿಲು ತಟ್ಟುವವರು ಇಲ್ಲವಾಗುತ್ತಾರೆ ಎಂಬ ಭಯ. ಕಣ್ಣಿನ ಬಿಳಿ ಹಳದಿಗೆ ತಿರುಗಿದ ದಿನ, "ಅಕ್ಕ, ಮೈಸೂರಿಗೆ ಹೋಗಿ ಹೊಟ್ಟೆ ಸ್ಕ್ಯಾನ್ ಮಾಡಿಸೋಣ," ಅಂದೆ. "ಅದ್ಯಾಕೆ?" ಅಂದರು. "ನೋಡಿಸೋಣ, ಬನ್ನಿ," ಅಂದೆ. ಮರುಮಾತಾಡದೆ ಬಂದರು.

ಸ್ಕ್ಯಾನ್ ಮಾಡಿದ ಡಾಕ್ಟರು ತೆರೆಯ ಮೇಲೆ ಬೆರಳಿಟ್ಟು ನನಗೆ ತೋರಿಸಿದರು. ಬಲಗಡೆಯ ಲಿವರಿನ ತುಂಬ ಗೆಡ್ಡೆ. ಆಪರೇಷನ್ ಮಾಡುವ ಹಂತ ದಾಟಿದೆ ಅಂದರು. ಆಮೇಲೆ ಅಕ್ಕನ ಕಡೆ ತಿರುಗಿ, "ಕುಡಿಯೋ ಅಭ್ಯಾಸ ಇತ್ತೇನಮ್ಮ?" ಅಂತ ಕೇಳಿದರು.

"ಎಲೆಅಡಿಕೆ ಬುಟ್ರೆ ನಂಗೇನೂ ಇಲ್ಲ ಸಾ," ಅಂದರು ಅಕ್ಕ. ದನಿ ಸಣ್ಣದಾಗಿತ್ತು.

"ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ?"

"ಹದಿನೈದು ಆಯ್ತು."

ಡಾಕ್ಟರು ತಲೆಯಾಡಿಸಿದರು. ಕುಡಿಯದವರಿಗೂ ಹೀಗಾಗುತ್ತದೆ, ಸಕ್ಕರೆ ಕಾಯಿಲೆ ಹಳೆಯದಾದರೆ ಲಿವರಿಗೆ ಕೊಬ್ಬು ಕೂರುತ್ತದೆ, ಅದು ಗಟ್ಟಿಯಾಗುತ್ತದೆ, ಕೆಲವರಿಗೆ ಗೆಡ್ಡೆ ಕಟ್ಟುತ್ತದೆ ಅಂದರು. ಸಕ್ಕರೆ ತಾನಾಗಿಯೇ ಬೀಳುತ್ತಿರುವುದರಿಂದ ಇನ್ಸುಲಿನ್ ನಿಲ್ಲಿಸಿಬಿಡಿ ಎಂದು ಬರೆದುಕೊಟ್ಟರು.

ಮಧ್ಯಾಹ್ನದ ರೈಲಿನಲ್ಲಿ ವಾಪಸ್ಸು ಹೊರಟೆವು. ಕಿಟಕಿ ಪಕ್ಕ ಅಕ್ಕ, ಎದುರಿಗೆ ನಾನು. ಗದ್ದೆಗಳಲ್ಲಿ ಭತ್ತ ತೆನೆ ಬಿಟ್ಟಿತ್ತು. ಹೊರಗೆ ನೋಡುತ್ತಿದ್ದವರು ನನ್ನ ಕಡೆ ತಿರುಗಿದರು.

"ಮೇಡಮ್ಮ, ಒಂದ್ ಮಾತು ಕೇಳ್ತೀನಿ."

"ಕೇಳಿ ಅಕ್ಕ."

"ನೀವೇ ಯೋಳಿದ್ರಲ್ಲ ಒಂದ್ ದಪ. ಇನ್ಸುಲಿನ್ ಆಕುದ್ರೆ ಈಲಿ ಗೆಡ್ಡೆ ಜೋರಾಗಿ ಬೆಳೀತದೆ ಅಂತ. ನೀವ್ ನಂಗೆ ಚುಚ್ತಿದ್ದುದೂ ಅದೇ ಅಲ್ವಾ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಸ್ಟೆಲಿನ ಹುಡುಗಿಯನ್ನು ತಟ್ಟೆ ತೊಳೆದಿಟ್ಟೆಯಾ ಎಂದು ಕೇಳುವ ಹಾಗೆ ಕೇಳಿದರು.

"ಅದೇ ಅಕ್ಕ," ಅಂದೆ.

ಮುಂದಕ್ಕೆ ಹೇಳಬೇಕಾದದ್ದು ಬೇಕಾದಷ್ಟಿತ್ತು. ಬಾಟಲಿಯಲ್ಲಿರುವುದು ಆಗಲೇ ಕ್ಯಾನ್ಸರ್ ಆಗಿರುವ ಜೀವಕೋಶ. ಅದಕ್ಕೆ ನಾನು ಹಾಕುವ ಪ್ರಮಾಣವೇ ಬೇರೆ. ಇಂಜೆಕ್ಷನ್ ಇಲ್ಲದಿದ್ದರೆ ನಿಮ್ಮ ಕಣ್ಣು, ಕಿಡ್ನಿ ಎಂದೋ ಹೋಗಿರುತ್ತಿದ್ದವು. ಕಳ್ಳೇಕಾಯಿ ಮಾರುವವನು ನಮ್ಮಿಬ್ಬರ ಮಧ್ಯೆ ಬುಟ್ಟಿ ತೂರಿಸಿಕೊಂಡು ಹೋದ. ಅವನು ದಾಟಿದ ಮೇಲೆ, "ಅದರಿಂದಲೇ ಆಯಿತು ಅಂತ ಅಲ್ಲ... ನನಗೆ ಗೊತ್ತಿಲ್ಲ ಅಕ್ಕ," ಎಂಬಷ್ಟು ಮಾತ್ರ ಹೊರಬಂತು.

"ಸರಿ ಬುಡಿ," ಅಂದು ಮತ್ತೆ ಕಿಟಕಿಯ ಕಡೆ ತಿರುಗಿದರು.

ಮಾರನೇ ಬೆಳಿಗ್ಗೆ ಐದೂವರೆಗೇ ಎಚ್ಚರವಾಗಿತ್ತು. ಆರು ಗಂಟೆ ಆಯಿತು. ಯಾರೂ ಬಾಗಿಲು ತಟ್ಟಲಿಲ್ಲ. ಡಾಕ್ಟರು ಇಂಜೆಕ್ಷನ್ ನಿಲ್ಲಿಸಿದ್ದಾರೆ, ಅದಕ್ಕೇ ಬಂದಿಲ್ಲ ಎಂದು ಗೊತ್ತು. ಆದರೂ ಹೊದಿಕೆಯೊಳಗೆ ಕೂತು ಕಾದೆ. ಗೋಡೆಯಾಚೆ ಅವರ ಪಾತ್ರೆಯ ಸದ್ದು ಕೇಳುತ್ತಿತ್ತು. ನಾನೇ ಹೋಗಿ ಬಾಗಿಲು ತಟ್ಟಬಹುದಿತ್ತು. ಏನು ನೆಪ ಹೇಳಿ ತಟ್ಟಲಿ? ಐದು ವರ್ಷದಲ್ಲಿ ಸೂಜಿಯಿಲ್ಲದೆ ನಾನು ಅವರ ಮನೆಗೆ ಹೋದದ್ದೇ ಕಡಿಮೆ. ವಾರ ಕಳೆಯುವುದರೊಳಗೆ ಮಗಳು, ಅಳಿಯ ಬಂದು ಅವರನ್ನು ಹುಣಸೂರಿಗೆ ಕರೆದುಕೊಂಡು ಹೋದರು. ನಾನು ಆಗ ಕಾಲೇಜಿನಲ್ಲಿದ್ದೆ. ಸಂಜೆ ಬಂದು ನೋಡಿದರೆ ಬಾಗಿಲಿಗೆ ಬೀಗ.

ಆ ಶನಿವಾರ ಲ್ಯಾಬಿನಲ್ಲಿ ನನ್ನ ಕೈ ಓಡಲಿಲ್ಲ. ಬಾಟಲಿಗೆ ಇನ್ಸುಲಿನ್ ಹಾಕಲು ಪಿಪೆಟ್ ಹಿಡಿದು ಸುಮ್ಮನೆ ಕೂತಿದ್ದೆ. ನನ್ನ ಗೈಡ್ ನಿವೃತ್ತಿಗೆ ಹತ್ತಿರವಾದ ಮೇಷ್ಟರು, ಹೆಚ್ಚು ಮಾತಿನವರಲ್ಲ. ಏನಾಯಿತಮ್ಮ ಅಂದರು. ಎಲ್ಲ ಹೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀನು ಚುಚ್ಚಲು ಶುರುಮಾಡುವ ಹತ್ತು ವರ್ಷ ಮೊದಲಿಂದ ಆಕೆಗೆ ಕಾಯಿಲೆ ಇತ್ತು. ದಪ್ಪ ಮೈಯವರಿಗೆ ಬರುವ ಆ ಕಾಯಿಲೆಯಲ್ಲಿ ಮೊದಮೊದಲು ಮೈಯೇ ಬೇಕಾದ್ದಕ್ಕಿಂತ ಹೆಚ್ಚು ಇನ್ಸುಲಿನ್ ಸುರಿಯುತ್ತೆ. ಅದೂ ನೇರ ಲಿವರಿಗೇ ಹೋಗೋದು. ನೀನು ಚುಚ್ಚಿದ ಇಪ್ಪತ್ತು ಗೆರೆ ಅದರ ಮುಂದೆ ಎಷ್ಟು? ಅದರ ಮೇಲೆ ಕೊಬ್ಬು, ಊತ. ಇದರಲ್ಲಿ ಯಾವುದು ಎಷ್ಟು ಅಂತ ಈಗ ಯಾರೂ ಬಿಡಿಸಿ ಹೇಳೋಕಾಗಲ್ಲ."

"ಹಾಗಾದರೆ ನನ್ನಿಂದ ಅಲ್ಲ ಅಂತ ಹೇಳಬಹುದಾ ಸರ್?"

"ಇಂಜೆಕ್ಷನ್ ನಿಲ್ಲಿಸಿದ್ದರೆ ಆಕೆ ಇಷ್ಟು ದಿನ ಇರುತ್ತಿರಲಿಲ್ಲ ಅಂತ ಧಾರಾಳವಾಗಿ ಹೇಳು. ಗೆಡ್ಡೆಯ ವಿಷಯಕ್ಕೆ, ನಮಗೆ ಗೊತ್ತಿಲ್ಲ ಅಂತ ಹೇಳು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳೋದಕ್ಕೇ ತಾನೇ ನಾವಿಲ್ಲಿ ಕೂತಿರೋದು." ಕನ್ನಡಕ ಹಾಕಿಕೊಂಡು, "ಹೋಗಿ ಹೇಳಿ ಬಾ. ಬಾಟಲಿ ನಾನು ನೋಡಿಕೊಳ್ತೀನಿ," ಅಂದರು.

ಭಾನುವಾರ ಹುಣಸೂರು ಬಸ್ಸು ಹತ್ತಿದೆ. ಅಳಿಯ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮಿಲ್ಲಿನ ಹಿಂದಿನ ಬೀದಿಯಲ್ಲಿ ಎರಡು ಅಂಕಣದ ಶೀಟಿನ ಮನೆ. ಮಗಳು ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸೂಜಿ ಆಕ್ತಿದ್ದ ಮೇಡಮ್ಮು ನೀವೇಯಾ?"

"ಹೌದು."

"ಬನ್ನಿ." ಚಾಪೆ ಹಾಸಿದಳು. ಕಾಫಿ ತಂದಿಟ್ಟಳು. ಆದರೆ ನನ್ನ ಎದುರಿಗೆ ಕೂರಲಿಲ್ಲ.

ಅಕ್ಕ ಒಳಗೆ ಗೋಡೆಗೆ ಒರಗಿ ಕೂತಿದ್ದರು. ತೋಳು ಕಡ್ಡಿಯಾಗಿತ್ತು, ಹೊಟ್ಟೆ ನೀರು ತುಂಬಿ ಬಿಗಿದಿತ್ತು. ನನ್ನನ್ನು ಕಂಡು, "ಯಾವಾಗ್ ಬಂದ್ರಿ? ಬಸ್ಸಲ್ಲಿ ಸೀಟ್ ಸಿಕ್ತಾ?" ಅಂದರು. ನಾನು ಹತ್ತಿರ ಕೂತು, ರೈಲಿನಲ್ಲಿ ಬಾಯಿಗೆ ಬಾರದಿದ್ದದ್ದನ್ನೆಲ್ಲ ಹೇಳಿದೆ. ಮೇಷ್ಟರು ಹೇಳಿದ್ದನ್ನು ಹೇಳಿದೆ. ಬಲಗಡೆ ಗಟ್ಟಿಯಾಗಿ ತಾಗಿದ್ದು ಗೊತ್ತಿದ್ದೂ ಮೂರು ವಾರ ಸುಮ್ಮನಿದ್ದೆ ಎಂಬುದನ್ನೂ ಹೇಳಿದೆ. ಅರ್ಧ ಗಂಟೆಯಾದರೂ ಮಾತಾಡಿರಬೇಕು. ಮಗಳು ಒಲೆಯ ಹತ್ತಿರ ಕೆಲಸ ನಿಲ್ಲಿಸಿ ಕೇಳುತ್ತಿದ್ದಳು.

"ಮೂರು ವಾರ ಮುಂಚೆ ಯೋಳಿದ್ರೆ ವಾಸಿ ಆಯ್ತಿತ್ತಾ?" ಅಂದರು ಅಕ್ಕ.

"ಇಲ್ಲ ಅಕ್ಕ. ಆಗಲೇ ದೊಡ್ಡದಾಗಿತ್ತು."

"ಅಂಗಾರೆ ಆ ಮೂರು ವಾರ ನಾನು ಸುಗರ್ ಕಮ್ಮಿ ಆಯ್ತು ಅನ್ಕೊಂಡು ಕುಸಿಯಾಗಿದ್ದೆ. ಅದು ಓಗ್ಲಿ." ಉಸಿರು ತೆಗೆದುಕೊಂಡು ಮತ್ತೆ ಹೇಳಿದರು: "ಅವತ್ತು ರೈಲಲ್ಲಿ ಕೇಳಿದ್ದು ನಿಮ್ ಮ್ಯಾಲೆ ಆಕಕ್ಕಲ್ಲ ಕಣವ್ವ. ನನ್ನೊಳಗೆ ಏನಾಯ್ತಾ ಅದೆ ಅಂತ ನಂಗೂ ಗೊತ್ತಾಗ್ಬೇಕಲ್ವಾ. ಡಾಕ್ಟ್ರು ನಿಮ್ ತಾವ ಮಾತಾಡುದ್ರು, ನನ್ ತಾವ ಯಾರೂ ಆಡ್ನಿಲ್ಲ. ಅದ್ಕೇ ಕೇಳ್ದೆ. ನೀವೂ ಮಖ ತಿರುಗುಸ್ಕಂಡ್ರಿ."

ಮುಖ ತಿರುಗಿಸಿಕೊಂಡವರು ಅವರು ಎಂದೇ ನಾನು ಅಷ್ಟು ದಿನ ಅಂದುಕೊಂಡಿದ್ದೆ.

"ಇನ್ನೊಂದು ಯೋಳ್ತೀನಿ," ಅಂದರು. "ಮೊದಲ್ನೇ ವರ್ಸ ನಿಮ್ ಕೈ ಬಾಳ ನೋಯ್ತಿತ್ತು. ಸೂಜಿನ ಓರೆ ಮಾಡ್ತಿದ್ರಿ. ಯೋಳುದ್ರೆ ಬರೋದ್ ಬುಟ್ಬುಡ್ತೀರಿ ಅಂತ ಸುಮ್ನಿದ್ದೆ."

ಅಲ್ಲಿವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು. ಮಗಳು ಒಂದು ಲೋಟ ನೀರು ತಂದು ಕೊಟ್ಟು, ನನ್ನ ಪಕ್ಕದಲ್ಲಿ ಕೂತಳು. ಊಟ ಮಾಡಿಕೊಂಡು ಹೋಗಬೇಕೆಂದು ಅಕ್ಕ ಹಟ ಮಾಡಿದರು. ಹಾಸ್ಟೆಲಿನಲ್ಲಿ ಈಗ ಯಾರು ಅಡುಗೆ ಮಾಡುತ್ತಾರೆ, ಸಾರಿಗೆ ಹುಣಸೆಹಣ್ಣು ಸರಿಯಾಗಿ ಹಾಕುತ್ತಾರಾ ಎಂದು ವಿಚಾರಿಸಿದರು. ನಾನು ಹೊರಡುವಾಗ ನಿದ್ದೆ ಹೋಗಿದ್ದರು.

ಇನ್ನೆರಡು ಸಲ ಹೋಗಿ ನೋಡಿಕೊಂಡು ಬಂದೆ. ಮೂರನೇ ಸಲ ಹೋಗುವ ಮೊದಲೇ ಕಾಲೇಜಿಗೆ ಫೋನ್ ಬಂತು. ಆಫೀಸಿನವರು ಚೀಟಿಯಲ್ಲಿ ಬರೆದಿಟ್ಟಿದ್ದರು; ನಾನು ರಜೆಯಲ್ಲಿದ್ದೆ. ಚೀಟಿ ನನ್ನ ಕೈಗೆ ಸಿಗುವಷ್ಟರಲ್ಲಿ ಮಣ್ಣು ಮಾಡಿ ಎರಡು ದಿನವಾಗಿತ್ತು. ತಿಥಿಗೆ ಹೋದೆ. ಅಲ್ಲಿ ನನ್ನನ್ನು ಗುರುತಿಸಿದವಳು ಮಗಳು ಒಬ್ಬಳೇ. ಯಾರೋ ನೆಂಟರು ನೀವು ಏನಾಗಬೇಕು ಅಂತ ಕೇಳಿದರು. ಪಕ್ಕದ ಮನೆಯವಳು ಅಂದೆ.

ಲ್ಯಾಬಿನ ಕೆಲಸ ಬಿಡಲಿಲ್ಲ. ಬಿಡಬೇಕೆಂದು ಕೆಲವು ತಿಂಗಳು ಅನ್ನಿಸಿದ್ದು ನಿಜ. ಬಾಟಲಿಗೆ ಇನ್ಸುಲಿನ್ ಹಾಕುವಾಗ ಮೊದಲಿನ ಉತ್ಸಾಹ ಬರಲಿಲ್ಲ, ಆದರೆ ಗಮನ ಹೆಚ್ಚಾಯಿತು. ಒಂದೊಂದು ಪ್ರಯೋಗವನ್ನೂ ಮೂರು ಸಲ ಮಾಡತೊಡಗಿದೆ. ನಾನು ನೋಡುತ್ತಿದ್ದ ಪ್ರೋಟೀನುಗಳಲ್ಲಿ ಒಂದು, ಹೊರಗಿನ ಇನ್ಸುಲಿನ್ ತೆಗೆದುಬಿಟ್ಟರೂ ಎಚ್ಚರವಾಗಿಯೇ ಇರುತ್ತದೆ ಎಂಬುದು ನನಗೆ ಸಿಕ್ಕ ಸಣ್ಣ ಸಂಗತಿ. ಗೆಡ್ಡೆಯಾದ ಜೀವಕೋಶಕ್ಕೆ ಹೊರಗಿನಿಂದ ಹೇಳುವವರು ಬೇಕಾಗಿಲ್ಲ, ಅದು ತಾನೇ ಹೇಳಿಕೊಳ್ಳುತ್ತದೆ. ಆ ಫಿಲ್ಮನ್ನು ಕತ್ತಲು ಕೋಣೆಯಿಂದ ಹೊರಗೆ ತಂದು ಕಿಟಕಿಗೆ ಹಿಡಿದು ನೋಡಿದ ದಿನ, ಹುಣಸೂರಿಗೆ ಹೋಗಿ ಹೇಳಬೇಕು ಅನ್ನಿಸಿತು. ಹೇಳಿಸಿಕೊಳ್ಳುವವರು ಹೋಗಿ ವರ್ಷ ಕಳೆದಿತ್ತು.

ಥೀಸಿಸ್ ಮುಗಿಯಲು ಇನ್ನೂ ಮೂರು ವರ್ಷ ಬೇಕಾಯಿತು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದರು. ಕೊನೆಗೆ, "ಇದರಿಂದ ರೋಗಿಗೇನು?" ಅಂದರು. ಬಾಟಲಿಯ ಸಂಗತಿಯನ್ನು ರೋಗಿಗೆ ನೇರವಾಗಿ ಹೊಂದಿಸಲು ಬರುವುದಿಲ್ಲ, ಇದು ಆ ದಾರಿಯ ಒಂದು ಹೆಜ್ಜೆ ಎಂದು ಉತ್ತರ ಕೊಟ್ಟೆ. ಅವರು ಒಪ್ಪಿದರು. ಮೇಷ್ಟರು ಕೈ ಕುಲುಕಿದರು. ಕಾಫಿ, ಬಿಸ್ಕತ್ತು ಆಯಿತು.

ಸಂಜೆ ಐದೂ ಮುಕ್ಕಾಲಿಗೆ ಕೆ.ಆರ್. ನಗರಕ್ಕೆ ಬಂದೆ. ಸ್ಟೇಷನ್ ಎದುರಿನ ಬೇಕರಿಯಲ್ಲಿ ಕಾಲು ಕೆ.ಜಿ. ಬರ್ಫಿ ಕಟ್ಟಿಸಿಕೊಂಡೆ. ಅಕ್ಕ ಇದ್ದ ಮನೆಗೆ ಬಂದಿದ್ದವರು ಹೊಸದಾಗಿ ಮದುವೆಯಾದ ಗಂಡ ಹೆಂಡತಿ. ಟೀವಿ ನೋಡುತ್ತಿದ್ದರು. ಪೊಟ್ಟಣ ಕೊಟ್ಟೆ.

"ಏನ್ ವಿಶೇಷ ಮೇಡಂ?" ಅಂದಳು ಆ ಹುಡುಗಿ.

"ನನ್ನ ಓದು ಮುಗೀತು."

"ಹೌದಾ? ಇನ್ನೂ ಓದ್ತಿದ್ರಾ?" ಅಂತ ನಕ್ಕಳು. ಕೆಟ್ಟ ನಗುವಲ್ಲ. ಒಂದು ಬರ್ಫಿ ಬಾಯಿಗೆ ಹಾಕಿಕೊಂಡು, ಒಳಗೆ ಬನ್ನಿ, ಕೂತ್ಕೊಳ್ಳಿ ಅಂದಳು. ಟೀವಿಯಲ್ಲಿ ಯಾವುದೋ ಧಾರಾವಾಹಿ ಶುರುವಾಗುವುದರಲ್ಲಿತ್ತು. ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ, ಬೀಗ ತೆಗೆದು ನನ್ನ ಕೋಣೆಗೆ ಬಂದೆ. ಸೀರೆ ಬದಲಾಯಿಸಿ, ಒಂದು ಪಾವು ಅಕ್ಕಿ ತೊಳೆದು ಸ್ಟವ್ ಮೇಲಿಟ್ಟೆ.